ತಾಹ್ವೊ ಕಳಿಸಿದ ಕಲ್ಲು

ಟೆರ್ಟುವಿಗೆ ಅರವತ್ತೆರಡು ತುಂಬಿತ್ತು. ನಲವತ್ತು ವರ್ಷ ಭೂವಿಜ್ಞಾನ ಮಾಡಿದ ಮೇಲೆ ಅವಳ ಹೆಸರಿನಲ್ಲಿ ಉಳಿದದ್ದು ಒಂದೇ ಒಂದು ಕಲ್ಲು. ಅದನ್ನೂ ಅವಳೇನು ಹುಡುಕಿರಲಿಲ್ಲ. ಅಂಚೆಯಲ್ಲಿ ಬಂದಿತ್ತು.

ಫಿನ್ಲೆಂಡಿನ ಕಾಡಿನ ಜನಕ್ಕೆ ಕಲ್ಲಿನ ಹುಚ್ಚು ಹಳೆಯದು. ಹಣ್ಣು ಆರಿಸಲು ಹೋದವರು, ಜಿಂಕೆ ಬೇಟೆಗೆ ಹೋದವರು, ಬಾವಿ ತೋಡಿದವರು, ಎಲ್ಲರ ಜೇಬಿನಲ್ಲೂ ಒಂದು ಆಯಸ್ಕಾಂತದ ತುಂಡು ಇರುತ್ತದೆ. ಅಂಟಿಕೊಂಡ ಕಲ್ಲನ್ನು ಪೊಟ್ಟಣ ಕಟ್ಟಿ ಸರ್ಕಾರದ ಭೂವಿಜ್ಞಾನ ಕೇಂದ್ರಕ್ಕೆ ಕಳಿಸುತ್ತಾರೆ. ಅಂಚೆಯ ಖರ್ಚು ಸರ್ಕಾರದ್ದೇ. ಎಲ್ಲೋ ಲಕ್ಷಕ್ಕೊಂದು ಗಣಿಯಾಗುತ್ತದೆ. ಉಳಿದವುಗಳಿಗೆ ಕೇಂದ್ರದಿಂದ ಒಂದು ಅಚ್ಚು ಹಾಕಿದ ಕಾರ್ಡು ಹೋಗುತ್ತದೆ: ನಿಮ್ಮ ಕಲ್ಲನ್ನು ಪರೀಕ್ಷಿಸಲಾಗಿದೆ, ವಿಶೇಷವೇನೂ ಇಲ್ಲ, ನಿಮ್ಮ ಆಸಕ್ತಿಗೆ ಧನ್ಯವಾದ. ಕಾರ್ಡಿನ ಕೆಳಗೆ ಟೆರ್ಟುವಿನ ಸಹಿ ಇರುತ್ತಿತ್ತು. ಸಹಿಯೂ ರಬ್ಬರ್ ಮೊಹರು.

ತಾಹ್ವೊನ ಕಲ್ಲು ಬಂದದ್ದು ಹನ್ನೊಂದು ವರ್ಷದ ಹಿಂದೆ, ಉಣ್ಣೆಯ ಕಾಲುಚೀಲವೊಂದರಲ್ಲಿ. ಜೊತೆಗಿದ್ದ ಫಾರಮ್ಮಿನಲ್ಲಿ ಪೆನ್ಸಿಲಿನ ದಪ್ಪ ಅಕ್ಷರದಲ್ಲಿ ಹೀಗಿತ್ತು: ಸಿಕ್ಕಿದ ಜಾಗ, ಹೀರಿವಾರ ಹಳ್ಳಿ, ನಮ್ಮ ಸ್ವಂತ ನೆಲ, ಸರೋವರದ ದಡ. ತೂಕ ಜಾಸ್ತಿ. ಆಯಸ್ಕಾಂತ ಅಂಟುತ್ತದೆ.

ಟೆರ್ಟು ಕಲ್ಲನ್ನು ಎರಡಾಗಿ ಕೊಯ್ದಳು. ಒಳಗೆ ಬಿಳಿ, ಕೆಂಪು, ಕಪ್ಪು ಪದರಗಳು. ಪದರಗಳ ನಡುವೆ ಕೂದಲಿಗಿಂತ ಸಣ್ಣ ಕೊಳವೆಗಳು, ಕೊಳವೆಗಳ ಗೋಡೆಗೆ ಅಂಟಿದ ಇಂಗಾಲ. ಹೀರಿವಾರದ ಸುತ್ತಿನ ಬಂಡೆಗಳಿಗೆ ಇನ್ನೂರೆಂಬತ್ತು ಕೋಟಿ ವರ್ಷ ವಯಸ್ಸು. ಒಂದು ಕಾಲಕ್ಕೆ ಅವೆಲ್ಲ ಸಮುದ್ರದ ತಳ. ಆ ತಳ ಬಿರಿದು, ಕುದಿಯುವ ನೀರು ಲೋಹಗಳನ್ನು ಹೊತ್ತು ಮೇಲೆ ಚಿಮ್ಮುವ ಕಡೆ, ಬೆಳಕೇ ಇಲ್ಲದ ಆ ಬಿಸಿಯಲ್ಲಿ, ಭೂಮಿಯ ಮೊದಮೊದಲ ಜೀವಿಗಳು ಬದುಕಿದ್ದವು ಎಂದು ಟೆರ್ಟು ವಿದ್ಯಾರ್ಥಿಯಾಗಿದ್ದಾಗಿನಿಂದ ನಂಬಿದ್ದಳು. ನಂಬಿಕೆಗೆ ಸಾಕ್ಷಿ ಕಾಲುಚೀಲದಲ್ಲಿ ಬಂದಿತ್ತು. ಇಂಗಾಲವನ್ನು ಪರೀಕ್ಷೆಗೆ ಕಳಿಸಿದಳು. ಹೌದು, ಇದು ಜೀವದಿಂದಲೇ ಬಂದ ಇಂಗಾಲ ಎಂದು ಉತ್ತರ ಬಂತು. ಎರಡು ವರ್ಷದಲ್ಲಿ ಪ್ರಬಂಧ ಅಚ್ಚಾಯಿತು. ಕೊಯ್ದ ಕಲ್ಲಿನ ಚಿತ್ರ ಪತ್ರಿಕೆಗಳ ಮುಖಪುಟಕ್ಕೆ ಬಂತು. ತಾಹ್ವೊನಿಗೆ ಕೇಂದ್ರದವರು ಒಂದು ಪ್ರಶಸ್ತಿಪತ್ರ, ಒಂದು ಥರ್ಮಾಸ್ ಫ್ಲಾಸ್ಕು ಕೊಟ್ಟರು. ಹೀರಿವಾರದ ಏಕೈಕ ಅಂಗಡಿಯ ಎದುರು ‘ಜೀವದ ತೊಟ್ಟಿಲು’ ಎಂಬ ಬೋರ್ಡು ಎದ್ದಿತು. ಅಂಗಡಿಯವನು ಅದೇ ಹೆಸರಿನ ಬನ್ನು ಮಾರಲು ಶುರುಮಾಡಿದ. ಬನ್ನು ಮಾತ್ರ ಮೊದಲಿನದೇ.

ಅಪಸ್ವರ ಎತ್ತಿದವನು ಒಬ್ಬನೇ. ಇಲರಿ. ಟೆರ್ಟುವಿನ ಶಿಷ್ಯ, ಆರು ವರ್ಷ ಅವಳ ಜೊತೆ ಕಾಡು ಸುತ್ತಿದವನು, ಸೊಳ್ಳೆ ಕಡಿಸಿಕೊಂಡವನು, ಅವಳ ಚೀಲವನ್ನೂ ತಾನೇ ಹೊತ್ತವನು. ಪ್ರಬಂಧ ಅಚ್ಚಾದ ಚಳಿಗಾಲದಲ್ಲಿ ಅವಳ ಕೋಣೆಗೆ ಬಂದು ಬಾಗಿಲಲ್ಲೇ ನಿಂತಿದ್ದ. ಅಲ್ಲಿ ಗುರುವಿಗೂ ‘ನೀನು’ ಎನ್ನುವುದೇ ರೂಢಿ.

“ಟೆರ್ಟು, ಆ ಇಂಗಾಲ ಸರಿ ಇಲ್ಲ.”

“ಏನು ಸರಿ ಇಲ್ಲ?”

“ಬೆಂದಿಲ್ಲ ಅದು. ಆ ಬಂಡೆ ನೆಲದೊಳಗೆ ಹೂತುಹೋಗಿ ಐನೂರು ಡಿಗ್ರಿಲಿ ಬೆಂದಿದೆ. ಒಳಗಿದ್ದ ಇಂಗಾಲ ಇಷ್ಟೊತ್ತಿಗೆ ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಆಗ್ಬೇಕಿತ್ತು. ಇದಿನ್ನೂ ಹಸುಗೂಸು. ಮೂರು ಸಲ ಅಳೆದೆ.”

“ಸುತ್ತ ಇರೋ ಸಿಲಿಕಾ ಗಾಜಿನ ಹಾಗೆ ಮುಚ್ಚಿಕೊಂಡು ಕಾಪಾಡಿದೆ. ಬರೆದಿದ್ದೀನಲ್ಲ, ಓದಿಲ್ವಾ?”

“ಓದಿದೆ. ಬೇರೆ ಯಾರಾದ್ರೂ ಹಾಗೆ ಬರೆದಿದ್ರೆ ನೀನೇ ನಗ್ತಿದ್ದೆ.”

ಆ ಮಾತು ಟೆರ್ಟುವಿನ ಎದೆಗೆ ನಾಟಿತು. ನಾಟಿದ್ದು ಅದು ನಿಜವಾದ್ದರಿಂದ ಎಂದು ಅವಳಿಗೆ ಆಗಲೇ ಗೊತ್ತಿತ್ತೋ ಇಲ್ಲವೋ, ಅವಳೇ ಬಲ್ಲಳು. ಮರುತಿಂಗಳು ಇಲರಿಯ ಖಾಯಂ ಕೆಲಸದ ವಿಷಯ ಸಮಿತಿಯ ಮುಂದೆ ಬಂತು. ಅವಳ ಅಭಿಪ್ರಾಯ ಕೇಳಿದರು. ಅವಳು ಎರಡು ಸಾಲು ಬರೆದಳು. ‘ಶ್ರದ್ಧೆ ಇದೆ. ದೊಡ್ಡ ಪ್ರಶ್ನೆಗಳ ಎದುರು ನಿಲ್ಲುವ ಎದೆಗಾರಿಕೆ ಇಲ್ಲ.’ ಇಂಥ ಎರಡು ಸಾಲು ಸಾಕು. ಬೈಗುಳಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಇಲರಿಗೆ ಕೆಲಸ ಸಿಗಲಿಲ್ಲ. ಬೇರೆ ಕಡೆಯವರೂ ಅವಳನ್ನೇ ಕೇಳುತ್ತಿದ್ದರು, ಅವಳು ಅದೇ ಎರಡು ಸಾಲು ಬರೆಯುತ್ತಿದ್ದಳು. ಕೊನೆಗೆ ಅವನು ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಕೊಯ್ಯುವ ಕಾರ್ಖಾನೆಯೊಂದನ್ನು ಸೇರಿದ ಎಂದು ಸುದ್ದಿ ಬಂದಾಗ, ಸದ್ಯ, ಕಲ್ಲಿನ ಕೆಲಸವೇ ಸಿಕ್ಕಿತಲ್ಲ ಎಂದುಕೊಂಡು ಸುಮ್ಮನಾದಳು.

ಒಂಬತ್ತು ವರ್ಷ ಹೀಗೇ ನಡೆಯಿತು. ಈ ಬೇಸಿಗೆಯಲ್ಲಿ ಹೊರದೇಶದ ಮೂವರು ವಿಜ್ಞಾನಿಗಳು ಸೇರಿ ಪ್ರಬಂಧ ಅಚ್ಚಾದ ಪತ್ರಿಕೆಗೆ ಕಾಗದ ಬರೆದರು. ಅವರದ್ದು ಒಂದೇ ಪ್ರಶ್ನೆ: ಒಂದೇ ಕಲ್ಲಿನ ಮೇಲೆ ಜೀವದ ಚರಿತ್ರೆ ಬರೆದಿದ್ದೀರಿ, ಅದು ಮುರಿದು ಬಂದ ಮೂಲ ಬಂಡೆ ಎಲ್ಲಿದೆ? ಸೆಪ್ಟೆಂಬರ್ ಕೊನೆಯೊಳಗೆ ತೋರಿಸದಿದ್ದರೆ ಪ್ರಬಂಧವನ್ನು ತಾನೇ ರದ್ದು ಮಾಡುವುದಾಗಿ ಪತ್ರಿಕೆ ತಿಳಿಸಿತು. ಮುಂದಿನ ಮಾರ್ಚಿಗೆ ಅವಳ ನಿವೃತ್ತಿ. ಮೂಲ ಬಂಡೆ ಸಿಕ್ಕಿದರೆ ಅವಳು ಜೀವದ ಜಾಡು ಹಿಡಿದವಳು. ಸಿಗದಿದ್ದರೆ ಏನೂ ಅಲ್ಲ.

ಅವಳೇನು ಕೈಕಟ್ಟಿ ಕೂತಿರಲಿಲ್ಲ. ಹಿಂದೆ ಹಿಮಯುಗದಲ್ಲಿ ಹಿಮದ ಹಾಸು ವಾಯವ್ಯದಿಂದ ಆಗ್ನೇಯಕ್ಕೆ ಜಾರುತ್ತಾ ಬಂಡೆಗಳನ್ನು ಕಿತ್ತು ಎಳೆದು ತಂದಿತ್ತು. ಹಾಗಾಗಿ ಕಲ್ಲು ಸಿಕ್ಕ ಜಾಗದಿಂದ ವಾಯವ್ಯಕ್ಕೆ ಹಿಂದೆ ಹಿಂದೆ ಹೋದರೆ ತಾಯಿಬಂಡೆ ಸಿಗಬೇಕು. ಆ ದೇಶದ ಗಣಿಗಳೆಲ್ಲ ಸಿಕ್ಕಿದ್ದು ಹಾಗೆಯೇ. ಪ್ರತಿ ಬೇಸಿಗೆ ಅವಳು ತಾಹ್ವೊನ ದಡದಿಂದ ಹೊರಟು ವಾಯವ್ಯದ ಜವುಗು, ಕಾಡು, ಗುಡ್ಡವೆಲ್ಲ ಜಾಲಾಡಿಬಿಟ್ಟಿದ್ದಳು. ಅದಿರಿನ ಗಂಧಕದ ವಾಸನೆ ಹಿಡಿಯಲು ತರಬೇತಾದ ನಾಯಿ ನಪ್ಪು ಜೊತೆಗಿತ್ತು. ಅದು ಒಂಬತ್ತು ಬೇಸಿಗೆಯಲ್ಲಿ ಇನ್ನೂರು ಕಲ್ಲು ಹುಡುಕಿ ಕೊಟ್ಟಿತು. ಬೇಟೆಗಾರರು ಮರೆತ ಸಾಸೇಜನ್ನೂ ಹುಡುಕಿ ತಾನೇ ತಿಂದಿತು. ತಾಹ್ವೊನ ಕಲ್ಲಿನ ನೆಂಟರು ಮಾತ್ರ ಎಲ್ಲೂ ಸಿಗಲಿಲ್ಲ.

ಸೆಪ್ಟೆಂಬರ್ ಆರನೇ ತಾರೀಕು ಬೆಳಗ್ಗೆ ಅವಳು ಮತ್ತೊಮ್ಮೆ ಆ ದಡಕ್ಕೆ ಬಂದಳು. ಹತ್ತು ಹೆಜ್ಜೆ ಏರುವಷ್ಟರಲ್ಲಿ ಎಡ ಮೊಣಕಾಲು ಕೈಕೊಟ್ಟಿತು. ತಾಹ್ವೊನ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ತಾಹ್ವೊ ಸತ್ತು ಎರಡು ಚಳಿಗಾಲ ಆಗಿತ್ತು. ಬಾಗಿಲು ತೆರೆದವಳು ಅವನ ಹೆಂಡತಿ ಔನೆ, ಎಂಬತ್ತನಾಲ್ಕರ ಮುದುಕಿ, ಕೈಯಲ್ಲಿ ಕಾಫಿಯ ಕೆಟಲು.

“ಕೊನೆಗೂ ಬಂದ್ಯಾ?” ಎಂದಳು. “ಒಳಗೆ ಬಾ. ಬೂಟು ಬಿಚ್ಚಿಡು. ನಾಯಿನೂ ಬರ್ಲಿ, ಅದೇನು ನಿನಗಿಂತ ಕೊಳಕಾಗಿಲ್ಲ.”

“ಕಾಲು ನೋವು. ಐದು ನಿಮಿಷ ಕೂತು ಹೋಗ್ತೀನಿ, ಔನೆ. ನೀವು ಏನೂ ಮಾಡ್ಬೇಡಿ.”

“ಮಾಡೋದೇನು? ಪ್ರತಿ ಬೇಸಿಗೆ ನೀನು ಬಂದಾಗೆಲ್ಲ ಕಾಫಿ ಕಾಯ್ಸಿ ಇಡ್ತಿದ್ದೆ. ನೀನು ಕಿಟಕಿ ಆಚೆ ನಾಯಿ ಹಿಂದೆ ಓಡ್ತಿದ್ದೆ. ತಾಹ್ವೊ ಅಂತಿದ್ದ, ಅವರು ದೊಡ್ಡೋರು ಕಣೇ, ಅವರಿಗೆ ಪುರುಸೊತ್ತಿಲ್ಲ ಅಂತ.”

ಟೆರ್ಟುವಿಗೆ ನಾಚಿಕೆಯಾಯಿತು. ಹನ್ನೊಂದು ವರ್ಷದಲ್ಲಿ ಈ ಮನೆಯ ಕಾಫಿ ಕುಡಿದಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಮೊದಲ ಸಲ ತಾಹ್ವೊನನ್ನು ಅಂಗಳದಲ್ಲೇ ನಿಲ್ಲಿಸಿ, ಕಲ್ಲು ಎಲ್ಲಿ ಸಿಕ್ಕಿತು ಎಂದು ಕೇಳಿದ್ದಳು. ಅವನು ಕೈಚಾಚಿ, ಅಲ್ಲಿ, ದಡದಲ್ಲಿ, ಎಂದು ತೋರಿಸಿದ್ದ. ಅವಳು ನಕ್ಷೆಯಲ್ಲಿ ಚುಕ್ಕೆ ಇಟ್ಟುಕೊಂಡು ಹೊರಟಿದ್ದಳು. ಅವರ ನಡುವೆ ಆದ ಮಾತೆಲ್ಲ ಅಷ್ಟೆ.

ಔನೆ ಹಸುವಿನ ಹಾಲಿನ, ಗಿಣ್ಣಿನಂಥ ಚೀಸನ್ನು ತುಂಡು ತುಂಡು ಮಾಡಿ ಲೋಟದೊಳಗೆ ಹಾಕಿ, ಮೇಲೆ ಬಿಸಿ ಕಾಫಿ ಹೊಯ್ದು ಮುಂದಿಟ್ಟಳು. ತಾನು ಎದುರಿಗೆ ಕೂತು ಅವಳನ್ನೇ ನೋಡಿದಳು.

“ಇನ್ನೂ ಏನು ಹುಡುಕ್ತಿದ್ದೀಯ?”

“ಆ ಕಲ್ಲಿನ ತಾಯಿಬಂಡೆ. ಅದು ಎಲ್ಲಿಂದ ಮುರಿದು ಬಂತು ಅಂತ.”

ಔನೆ ಲೋಟ ಕೆಳಗಿಟ್ಟಳು. “ಒಲೆ ಕಲ್ಲಿಗೆ ಎಂಥ ತಾಯಿ, ಮಾರಾಯ್ತಿ?”

“ಯಾವ ಒಲೆ?”

“ಸೌನಾ ಒಲೆ. ದಡದಲ್ಲಿ ನಮ್ಮ ಹೊಗೆ ಸೌನಾ ಇರ್ಲಿಲ್ವಾ, ಚಿಮಣಿ ಇಲ್ಲದ್ದು? ನಿನಗೆಲ್ಲಿ ಗೊತ್ತಿರುತ್ತೆ, ಎಂಬತ್ತೇಳನೇ ಇಸವಿಲೇ ಸುಟ್ಟು ಹೋಯ್ತು. ನನ್ನ ಗಂಡನ ಅಜ್ಜ ಕಟ್ಟಿದ್ದು, ಅರವತ್ತು ವರ್ಷ ಉರಿದಿತ್ತು. ಬೆಳಗಾಗ್ತಿದ್ದ ಹಾಗೆ ಬರ್ಚ್ ಸೌದೆ ಹಾಕಿ ಉರಿಸೋದು, ಹೊಗೆ ಅಷ್ಟೂ ಕಲ್ಲಿಗೇ ಕುಡಿಸೋದು. ಸಂಜೆ ಕಾದ ಕಲ್ಲಿನ ಮೇಲೆ ನೀರು ಎರಚಿ ಆವಿಲಿ ಕೂರೋದು. ತೂಕದ ಕಲ್ಲಾದ್ರೆ ಕಾವು ಹೆಚ್ಚು ಹೊತ್ತು ನಿಲ್ಲುತ್ತೆ. ಅಜ್ಜ ಅದನ್ನ ದೋಣಿಲಿ ತಂದಿದ್ದಂತೆ. ಯಾವ ದಡದಿಂದ ತಂದ ಅಂತ ಅವನನ್ನೇ ಕೇಳ್ಬೇಕು.”

ಟೆರ್ಟು ಲೋಟವನ್ನು ತಟ್ಟನೆ ಕೆಳಗಿಟ್ಟಳು, ಕಾಫಿ ಮೇಜಿನ ಮೇಲೆ ಚೆಲ್ಲಿತು. ಅರವತ್ತು ವರ್ಷದ ಹೊಗೆ, ಅರವತ್ತು ವರ್ಷದ ಬಿಸಿನೀರು. ಕಲ್ಲು ಕಾದಾಗ ಬಿರುಕು ಬಿಡುತ್ತದೆ. ಆವಿ ನುಗ್ಗಿದಾಗ ಮಸಿ ಜೊತೆಗೇ ಒಳಗೆ ಹೋಗುತ್ತದೆ, ಕೊಳವೆಗಳ ಗೋಡೆಗೆ ಅಂಟುತ್ತದೆ, ಮರುದಿನದ ಬೆಂಕಿಯಲ್ಲಿ ಗಟ್ಟಿಯಾಗುತ್ತದೆ. ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಅದು ಜೀವದ ಇಂಗಾಲವೇ. ಬರ್ಚ್ ಮರದ ಜೀವ. ಆ ಇಂಗಾಲ ಬೆಂದಿಲ್ಲವೆಂದು ಮೂರು ಸಲ ಅಳೆದವನೊಬ್ಬ ಅವಳ ಬಾಗಿಲಲ್ಲಿ ಬಂದು ನಿಂತಿದ್ದ. ಅವಳು ಹುಟ್ಟಿನಿಂದ ವಾರವಾರ ಸೌನಾದಲ್ಲಿ ಕೂತವಳು. ಕಲ್ಲಿಗೆ ನೀರು ಎರಚಿದವಳು. ಆದರೂ ಸಮುದ್ರದ ತಳ ಹೊಳೆಯಿತೇ ಹೊರತು ಅದು ಹೊಳೆಯಲಿಲ್ಲ.

“ತಾಹ್ವೊ ಹುಟ್ಟಿದ್ದೂ ಅಲ್ಲೇ,” ಔನೆ ಚೆಲ್ಲಿದ ಕಾಫಿ ಒರೆಸುತ್ತ ಹೇಳಿದಳು. “ನಮ್ಮತ್ತೆ ಆ ಒಲೆ ಪಕ್ಕದಲ್ಲೇ ಹೆತ್ತಳು. ಅದಕ್ಕೇ ಪೇಪರಿನಲ್ಲಿ ಜೀವ ಅಲ್ಲಿ ಹುಟ್ಟಿತು ಅಂತ ಬಂದಾಗ ನಾವಿಬ್ಬರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ವಿ. ಆಮೇಲೆ ಅವನು ಫೋಟೋ ನೋಡಿದ. ಅಂಚಿನ ಮಸಿ ನೋಡಿದ. ನಗು ನಿಂತುಹೋಯ್ತು.”

“ಅವರಿಗೆ ಗೊತ್ತಿತ್ತಾ?”

“ಗೊತ್ತಾಗದೆ ಏನು? ಕಾಡು ಕಡಿಯೋನಾದ್ರೂ ದಡ್ಡ ಅಲ್ಲ. ಇದು ನಮ್ಮ ಮಸಿ ಕಣೇ, ಪಾಪ ಆ ಹೆಂಗಸು ಮೋಸ ಹೋಗಿದಾಳೆ, ಹೇಳ್ಬೇಕು ಅಂದ. ಮೂರು ದಿನ ಕೂತು ಕಾಗದ ಬರೆದ. ಒಲೆ ಗುಡ್ಡೆಯಿಂದ ಇನ್ನೊಂದು ಕಲ್ಲು ತೆಗೆದು, ಇದನ್ನೂ ಕೊಯ್ದು ನೋಡಿ ಅಂತ ಜೊತೆಗೆ ಕಳಿಸಿದ.”

“ನನಗೆ ಯಾವ ಕಾಗದವೂ ಬರಲಿಲ್ಲ, ಔನೆ. ಆಣೆಗೂ ಬರಲಿಲ್ಲ.”

“ಬಂತಲ್ಲ. ನೀನು ಉತ್ತರ ಬರೆದೆಯಲ್ಲ.”

ಔನೆ ಎದ್ದು ಹೋಗಿ, ಗೋಡೆಗೆ ತೂಗುಹಾಕಿದ್ದ ಪ್ರಶಸ್ತಿಪತ್ರದ ಚೌಕಟ್ಟಿನ ಹಿಂದಿನಿಂದ ಒಂದು ಕಾರ್ಡು ತೆಗೆದು ತಂದು ಮೇಜಿನ ಮೇಲೆ ಇಟ್ಟಳು. ‘ನಿಮ್ಮ ಕಲ್ಲನ್ನು ಪರೀಕ್ಷಿಸಲಾಗಿದೆ. ವಿಶೇಷವೇನೂ ಇಲ್ಲ. ನಿಮ್ಮ ಆಸಕ್ತಿಗೆ ಧನ್ಯವಾದ.’ ಕೆಳಗೆ ನೇರಳೆ ಬಣ್ಣದ ಮೊಹರಿನಲ್ಲಿ ಟೆರ್ಟುವಿನ ಸಹಿ. ತಾರೀಕು ಎಂಟೂವರೆ ವರ್ಷದ ಹಿಂದಿನದು.

ಏನಾಗಿರಬೇಕೆಂದು ಊಹಿಸಲು ಅವಳಿಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಕಲ್ಲುಗಳ ಜೊತೆ ಬರುವ ಕಾಗದಗಳನ್ನು ಕೇಂದ್ರದಲ್ಲಿ ಯಾರೂ ಓದುತ್ತಿರಲಿಲ್ಲ. ಹಾಗೆ ನಿಯಮ ಮಾಡಿದವಳು ಅವಳೇ. ಎಲ್ಲರೂ ಚಿನ್ನ ಸಿಕ್ಕಿದೆ ಎಂದೇ ಬರೆಯುತ್ತಾರೆ, ಓದುತ್ತ ಕೂತರೆ ತಲೆ ತಿಂದುಹಾಕುತ್ತಾರೆ, ಕಲ್ಲು ನೋಡಿ, ಸಾಕು. ಯಾರೋ ಕಲ್ಲು ನೋಡಿದ್ದಾರೆ. ಅದು ಸಾದಾ ಕಲ್ಲು. ಮೊಹರು ಹೊಡೆದಿದ್ದಾರೆ.

“ಅವರು ಏನಂದ್ರು? ಈ ಕಾರ್ಡು ನೋಡಿ?”

ಔನೆ ಕಾರ್ಡನ್ನು ತನ್ನ ಕಡೆ ಎಳೆದುಕೊಂಡಳು. “ಪರೀಕ್ಷೆ ಮಾಡಿದಾರಂತೆ, ಅಂದ. ಹಾಗಾದ್ರೆ ಅವಳಿಗೂ ಗೊತ್ತಾಗಿದೆ, ಗೊತ್ತಿದ್ದೂ ಮುಚ್ಚಿಟ್ಟಿದಾಳೆ, ದೊಡ್ಡೋರೂ ಸುಳ್ಳು ಹೇಳ್ತಾರೆ ಕಣೇ, ಅಂದ. ಅಷ್ಟೆ. ಆಮೇಲೆ ಆ ಮಾತು ಎತ್ತಲಿಲ್ಲ. ಅಂಗಡಿಗೆ ಹೋಗೋದೂ ಬಿಟ್ಟ. ಅಲ್ಲಿ ಎಲ್ಲ ಅವನನ್ನ ಜೀವದಪ್ಪ ಜೀವದಪ್ಪ ಅಂತ ರೇಗಿಸೋರು. ಆರು ವರ್ಷ ನಾನೇ ಹೋಗಿ ಹಾಲು ತಂದೆ.”

“ನೀವೂ ಹಾಗೇ ಅಂದುಕೊಂಡ್ರಾ? ನಾನು ಸುಳ್ಳಿ ಅಂತ?”

“ಇವತ್ತು ಬೆಳಗ್ಗೆವರೆಗೂ. ಈಗ ನಿನ್ನ ಮುಖ ನೋಡಿದ್ರೆ ಸುಳ್ಳಿ ಅಲ್ಲ ಅನ್ಸುತ್ತೆ. ಬರೀ ಪೆದ್ದಿ.”

ಟೆರ್ಟು ತಲೆ ತಗ್ಗಿಸಿದಳು. ಸುಳ್ಳಿ ಎಂದಿದ್ದರೇ ವಾಸಿ ಎನ್ನಿಸಿತು.

ಒಲೆಯ ಗುಡ್ಡೆ ಮನೆಯಿಂದ ನಲವತ್ತು ಹೆಜ್ಜೆ ದೂರದಲ್ಲಿ, ಪಾಚಿ ಹೊದ್ದುಕೊಂಡು ಲಿಂಗನ್ ಹಣ್ಣಿನ ಪೊದೆಯ ಕೆಳಗಿತ್ತು. ಅದರ ಮೇಲೆ ಕೂತು ಅವಳು ಎಷ್ಟೋ ಸಲ ಬೂಟಿನೊಳಗಿನ ನೀರು ಚೆಲ್ಲಿಕೊಂಡಿದ್ದಳು. ಔನೆ ಕೋಲೂರಿಕೊಂಡು ಜೊತೆಗೆ ಬಂದಳು. ಟೆರ್ಟು ಮಂಡಿಯೂರಿ, ಪಾಚಿ ಕಿತ್ತು, ಕೈಗೆ ಬಂದ ಮೊದಲ ಕಲ್ಲನ್ನು ಸುತ್ತಿಗೆಯಿಂದ ಒಡೆದಳು. ಸಾದಾ ಕಲ್ಲು, ಸಮುದ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಮಸೂರ ಹಿಡಿದು ನೋಡಿದಾಗ ಬಿರುಕುಗಳ ಉದ್ದಕ್ಕೂ ಅದೇ ಕಪ್ಪು ಗೆರೆ, ಗೋಡೆಗಂಟಿದ ಅದೇ ಇಂಗಾಲ. ಒಂಬತ್ತು ವರ್ಷ ನಿದ್ದೆಯಲ್ಲೂ ಕಂಡ ಗೆರೆ. ಎರಡನೆಯದನ್ನು ಒಡೆದಳು. ಮೂರನೆಯದನ್ನು ಒಡೆದಳು. ನಪ್ಪು ಬಾಲ ಅಲ್ಲಾಡಿಸುತ್ತ ಪ್ರತಿ ಕಲ್ಲನ್ನೂ ಮೂಸಿ ನೋಡಿ ದೂರ ಹೋಯಿತು.

“ಸಾಕು ಬಿಡು,” ಔನೆ ಹೇಳಿದಳು. “ನಾನು ಯಾರಿಗೂ ಹೇಳಲ್ಲ. ನನ್ನ ಯಾರು ಕೇಳ್ತಾರೆ? ನಿನ್ನ ಕೆಲಸ ಇನ್ನೆಷ್ಟು ದಿನ ಇದೆ?”

“ಆರು ತಿಂಗಳು.”

“ಆರು ತಿಂಗಳು ಬಾಯಿ ಮುಚ್ಚಿಕೊಂಡಿರೋದೇನು ಕಷ್ಟ ಅಲ್ಲ. ತಾಹ್ವೊ ಆರು ವರ್ಷ ಇದ್ದ.”

ಔನೆ ಕೊಂಕಾಗಿ ಹೇಳಿದಳೋ ಕನಿಕರದಿಂದ ಹೇಳಿದಳೋ, ಟೆರ್ಟು ಅವಳ ಮುಖ ನೋಡುವ ಧೈರ್ಯ ಮಾಡಲಿಲ್ಲ. ಮೂರು ಚೂರುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ದಾರಿಯುದ್ದಕ್ಕೂ ಅವಳ ಮನಸ್ಸು ಔನೆ ಹೇಳಿದ್ದನ್ನೇ ಚಪ್ಪರಿಸುತ್ತಿತ್ತು ಎಂಬುದನ್ನು ಮುಚ್ಚಿಡುವುದೇಕೆ? ಮೂಲ ಬಂಡೆ ಸರೋವರದ ತಳದಲ್ಲಿ ಮುಳುಗಿದೆ ಎಂದು ಬರೆದರಾಯಿತು. ಅದು ಪೂರ್ತಿ ಸುಳ್ಳೂ ಅಲ್ಲ. ಅಜ್ಜ ದೋಣಿಯಲ್ಲಿ ತಂದದ್ದು ನಿಜವಲ್ಲವೇ. ಆ ಮೂವರು ಇನ್ನೆರಡು ವರ್ಷ ಗೊಣಗುತ್ತಾರೆ. ಅಷ್ಟರಲ್ಲಿ ಅವಳು ಮನೆಯಲ್ಲಿ ಕೂತು ಟೊಮೇಟೊ ಬೆಳೆಯುತ್ತಿರುತ್ತಾಳೆ. ಮೂರು ದಿನ ಹೀಗೆ ಯೋಚಿಸಿದಳು, ವಾಕ್ಯಗಳನ್ನೂ ಜೋಡಿಸಿದಳು. ನಾಲ್ಕನೆಯ ದಿನ ಹಳೆಯ ಕಲ್ಲಿನಿಂದ ಚಿಟಿಕೆಯಷ್ಟು ಪುಡಿ ಕೆರೆದು, ಐವತ್ತು ಸಾವಿರ ವರ್ಷದೊಳಗಿನ ಮರ ಮೂಳೆಗಳ ವಯಸ್ಸು ಮಾತ್ರ ಹೇಳಬಲ್ಲ ಪ್ರಯೋಗಾಲಯಕ್ಕೆ ಕಳಿಸಿದಳು. ಕೋಟಿಗಟ್ಟಲೆ ವರ್ಷದ ಕಲ್ಲನ್ನು ಅಲ್ಲಿಗೆ ಯಾವ ಭೂವಿಜ್ಞಾನಿಯೂ ಕಳಿಸುವುದಿಲ್ಲ. ಕಳಿಸಿದರೆ ನಗುತ್ತಾರೆ. ಅದಕ್ಕೇ ಇಷ್ಟು ವರ್ಷ ಯಾರಿಗೂ ಆ ಪರೀಕ್ಷೆ ತೋಚಿರಲಿಲ್ಲ.

ಹನ್ನೆರಡು ದಿನಕ್ಕೆ ಉತ್ತರ ಬಂತು. ಕಲ್ಲಿನೊಳಗಿನ ಇಂಗಾಲದ ಬಹುಪಾಲು ವಯಸ್ಸಿನಲ್ಲಿ ತಾಹ್ವೊನಿಗಿಂತ ಚಿಕ್ಕದು.

ಅವಳು ಅಂದೇ ಪ್ರಬಂಧವನ್ನು ಹಿಂತೆಗೆದುಕೊಳ್ಳುವ ಪತ್ರ ಬರೆದಳು. ಒಂದೂವರೆ ಪುಟ. ಸೌನಾ, ಹೊಗೆ, ತಾಹ್ವೊನ ಕಾಗದ, ತನ್ನ ಮೊಹರು, ಯಾವುದನ್ನೂ ಬಿಡಲಿಲ್ಲ. ಕೊನೆಯಲ್ಲಿ ಇಲರಿಯ ಹೆಸರು ಬರೆದು, ಇವರು ಒಂಬತ್ತು ವರ್ಷದ ಹಿಂದೆಯೇ ಎಚ್ಚರಿಸಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಸೇರಿಸಿದಳು. ಕಳಿಸುವ ಮೊದಲು ಅವನಿಗೆ ಹೇಳುವುದು ನ್ಯಾಯ ಎಂದುಕೊಂಡು, ಕಲ್ಲು ಕೊಯ್ಯುವ ಕಾರ್ಖಾನೆಯ ನಂಬರು ಹುಡುಕಿ ಫೋನ್ ಮಾಡಿದಳು. ಮನಸ್ಸಿನ ಮೂಲೆಯಲ್ಲಿ ಅವನು ಅಳಬಹುದು, ಥ್ಯಾಂಕ್ಸ್ ಹೇಳಬಹುದು ಎಂಬ ಆಸೆಯೂ ಇತ್ತು. ಮನುಷ್ಯರ ಮನಸ್ಸಿಗೆ ನಾಚಿಕೆ ಕಮ್ಮಿ.

ಗರಗಸದ ಕಿರುಚಾಟದ ನಡುವೆ ಅವನ ದನಿ ಬಂತು. ಅವಳು ಎಲ್ಲವನ್ನೂ ಹೇಳಿದಳು. ಹೇಳುತ್ತಿದ್ದಂತೆ ಆ ಕಡೆ ಗರಗಸ ನಿಂತಿತು.

“ನೀನು ಹೇಳಿದ್ದೇ ಸರಿ ಇತ್ತು, ಇಲರಿ.”

“ಗೊತ್ತು,” ಎಂದ. “ಆಗಲೂ ಗೊತ್ತಿತ್ತು.”

“ಪತ್ರದಲ್ಲಿ ನಿನ್ನ ಹೆಸರು ಹಾಕಿದ್ದೀನಿ. ಮೊದಲು ಹೇಳಿದ್ದು ನೀನು ಅಂತ.”

“ತೆಗೆದುಬಿಡಿ.”

‘ತೆಗೆದುಬಿಡಿ’ ಎಂದ. ಆರು ವರ್ಷ ಒಂದೇ ಗುಡಾರದಲ್ಲಿ ಮಲಗೆದ್ದವನು, ನೀನು ಎಂದೇ ಜಗಳವಾಡಿದವನು, ಈಗ ಅಂಗಡಿಗೆ ಬಂದ ಗಿರಾಕಿಯನ್ನು ಮಾತಾಡಿಸುವ ಹಾಗೆ ಮಾತಾಡಿದ.

“ಯಾಕೆ? ಅದು ನಿನಗೆ ಸೇರಬೇಕಾದ್ದು. ಮತ್ತೆ ವಾಪಸ್ ಬರೋಕೂ ಆಗಬಹುದು. ನಾನು ಎಲ್ಲರಿಗೂ ಬರೀತೀನಿ, ನಾನು ಆಗ ಬರೆದದ್ದು ತಪ್ಪು ಅಂತ.”

“ನೀವು ಬರೆದದ್ದು ಸಾಕು. ನನಗೀಗ ನಲವತ್ತೊಂದು. ಇಲ್ಲಿ ಯಾರಿಗೂ ನಾನು ಅಲ್ಲಿ ಏನಾಗಿದ್ದೆ ಅಂತ ಗೊತ್ತಿಲ್ಲ. ಗೊತ್ತಾಗೋದು ಬೇಡ. ಅಯ್ಯೋ ಪಾಪ ಅನ್ನಿಸಿಕೊಂಡು ಕಲ್ಲು ಕೊಯ್ಯೋಕೆ ಆಗಲ್ಲ.” ಆ ಕಡೆ ಕಲ್ಲಿನ ಹಲಗೆ ಎಳೆದ ಸದ್ದಾಯಿತು. “ಈಗ ನೀವು ನಿಜ ಹೇಳಿ ದೊಡ್ಡವರಾಗ್ತೀರಿ, ನೋಡಿ ಬೇಕಾದ್ರೆ. ನಾನೂ ಅದೇ ನಿಜ ಹೇಳಿದ್ದೆ.”

“ಇಲರಿ, ನನ್ನದು ತಪ್ಪಾಯ್ತು. ಕ್ಷಮಿಸು.”

“ಮಧ್ಯಾಹ್ನದೊಳಗೆ ಮೂರು ಸಿಂಕಿಗೆ ತೂತು ಕೊಯ್ಯಬೇಕು. ಇಡ್ತೀನಿ.”

ಅವಳು ಹೆಸರು ತೆಗೆದಳು. ಪತ್ರ ಕಳಿಸಿದಳು. ಅವಮಾನಕ್ಕೆ ಮೈಯೊಡ್ಡಿ ಕೂತಳು.

ಅವಮಾನ ಬರಲಿಲ್ಲ. ಬಂದದ್ದು ಹೊಗಳಿಕೆ. ಇಂಥ ಪ್ರಾಮಾಣಿಕತೆ ಈ ಕಾಲದಲ್ಲಿ ಅಪರೂಪ ಎಂದು ಪ್ರಶ್ನೆ ಎತ್ತಿದ ಮೂವರೇ ಮೊದಲು ಬರೆದರು. ಪತ್ರಿಕೆ ಸಂಪಾದಕೀಯ ಬರೆಯಿತು. ಜೀವದ ಸಾಕ್ಷಿ ಸಿಕ್ಕಾಗ ಎಷ್ಟು ಜನ ಅಭಿನಂದಿಸಿದ್ದರೋ, ಅದರ ಎರಡರಷ್ಟು ಜನ ಈಗ ಅಭಿನಂದಿಸಿದರು. ಹೀರಿವಾರದಲ್ಲಿ ಬೋರ್ಡು ಇಳಿಸಿದರಂತೆ. ಬನ್ನು ಮಾತ್ರ ಆ ಹೆಸರಲ್ಲೇ ಮಾರಾಟವಾಗುತ್ತಿದೆಯಂತೆ. ಔನೆಗೆ ಅವಳು ಎರಡು ಕಾಗದ ಬರೆದಳು. ಎರಡಕ್ಕೂ ಉತ್ತರ ಬರಲಿಲ್ಲ.

ಫೆಬ್ರವರಿಯಲ್ಲಿ, ನಿವೃತ್ತಿಗೆ ಒಂದು ತಿಂಗಳು ಇರುವಾಗ, ಹೆಲ್ಸಿಂಕಿಗೆ ಕರೆ ಬಂತು. ಹೊಸದಾಗಿ ಸಂಶೋಧನೆಗೆ ಇಳಿದ ಇನ್ನೂರು ಹುಡುಗ ಹುಡುಗಿಯರಿಗೆ, ತಪ್ಪನ್ನು ಒಪ್ಪಿಕೊಳ್ಳುವುದು ಹೇಗೆ ಎಂಬ ವಿಷಯದ ಮೇಲೆ ಒಂದು ಗಂಟೆ ಮಾತಾಡಬೇಕು. ಬರುವುದಿಲ್ಲ ಎನ್ನಬೇಕೆಂದು ಎರಡು ದಿನ ಅಂದುಕೊಂಡಳು. ಮೂರನೆಯ ದಿನ ಒಪ್ಪಿಕೊಂಡಳು. ಕರೆಯುವವರಿದ್ದಾರೆ ಎಂಬುದು ಅರವತ್ತೆರಡರಲ್ಲೂ ಹಿತವಾಗಿಯೇ ಇರುತ್ತದೆ.

ಚೆನ್ನಾಗಿಯೇ ಮಾತಾಡಿದಳು. ಸೌನಾದ ಕಥೆ ಹೇಳಿದಾಗ ಸಭೆ ಬಿದ್ದು ಬಿದ್ದು ನಕ್ಕಿತು. ತಾಹ್ವೊನ ಕಾರ್ಡಿನ ಕಥೆ ಹೇಳಿದಾಗ ಸದ್ದಡಗಿತು. ಕೊನೆಯಲ್ಲಿ ಪ್ರಶ್ನೆಗಳು. ಮುಂದಿನ ಸಾಲಿನಲ್ಲಿದ್ದ, ಹಸಿರು ಸ್ವೆಟರಿನ ಹುಡುಗಿಯೊಬ್ಬಳು ಕೈ ಎತ್ತಿದಳು.

“ಅಷ್ಟು ವರ್ಷದಲ್ಲಿ ಯಾರೂ ಅನುಮಾನ ಪಡ್ಲೇ ಇಲ್ವಾ? ನಿನ್ನ ಜೊತೆಗಿದ್ದವರು ಯಾರೂ?”

ಟೆರ್ಟು ನೀರು ಕುಡಿದಳು. ಹೆಸರು ಹೇಳುವಂತಿರಲಿಲ್ಲ, ಬೇಡ ಎಂದು ಅವನೇ ಹೇಳಿದ್ದ.

“ಒಬ್ಬ ಪಟ್ಟಿದ್ದ,” ಎಂದಳು. “ಮೊದಲ ವರ್ಷವೇ ಬಂದು ಹೇಳಿದ್ದ.”

“ಹೌದಾ! ಮತ್ತೆ ಅವನು ಈಗ ಎಲ್ಲಿದ್ದಾನೆ?”

“ಅಡುಗೆಮನೆ ಕಟ್ಟೆಗೆ ಕಲ್ಲು ಕೊಯ್ತಾನೆ. ಸಿಂಕಿಗೆ ತೂತು ಕೊರೀತಾನೆ.”

ಸಭೆ ಮತ್ತೆ ಗೊಳ್ಳೆಂದು ನಕ್ಕಿತು. ಹಸಿರು ಸ್ವೆಟರಿನ ಹುಡುಗಿಯೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಒಳ್ಳೆಯ ಮಾತುಗಾರ್ತಿ, ಕೊನೆಯವರೆಗೂ ನಗಿಸಿದಳು ಎಂದು ಅವರೆಲ್ಲ ಅಂದುಕೊಂಡದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಇದು ತಮಾಷೆಯಲ್ಲ ಎಂದು ಅವಳು ಆಗಲೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಅಧ್ಯಕ್ಷರು ಎದ್ದು ನಿಂತು ಧನ್ಯವಾದ ಹೇಳಿದರು, ಚಪ್ಪಾಳೆ ಶುರುವಾಯಿತು. ಅವಳು ಬಾಯಿ ಮುಚ್ಚಿ, ತಲೆ ಬಾಗಿಸಿ, ಅದನ್ನು ಸ್ವೀಕರಿಸಿದಳು.